‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’ ಎಂಬ ಒಂದು ಸಾಲಿನ ಬಗ್ಗೆ

ಸಂಪಾದಕರಿಗೆ,
ಮಾನ್ಯರೇ,

ಶಾಲೆ-ಕಾಲೇಜು ಶುರುವಾಗುವ ಹೊತ್ತಿಗೆ ‘ಯಾವ ಕಂಪ್ಯೂಟರ್ ಕೊಳ್ಳಬೇಕು’ ಎಂಬ ಬರಹಗಳು ಪತ್ರಿಕೆಗಳಲ್ಲಿ ತಪ್ಪದೆ ಬರುತ್ತವೆ. ಪ್ರೊಸೆಸರ್ ಯಾವುದಿರಲಿ, ರ‍್ಯಾಮ್ ಎಷ್ಟಿರಲಿ, ಎಸ್‌ಎಸ್‌ಡಿ ಬೇಕೋ ಹಾರ್ಡ್ ಡಿಸ್ಕ್ ಸಾಕೋ ಎಂದೆಲ್ಲ ವಿವರವಾಗಿ ಬರೆಯುತ್ತಾರೆ. ಇವೆಲ್ಲಕ್ಕೂ ಕರೆಂಟ್ ಉಣಿಸುವ ಡಬ್ಬಿಯ, ಅಂದರೆ ಎಸ್‌ಎಂಪಿಎಸ್ ಎಂದು ಕರೆಯುವ ಪವರ್ ಸಪ್ಲೈ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಪೇಟೆಯ ಅಂಗಡಿಯವರೆಗೆ ಎಲ್ಲಿ ಬೇಕಾದರೂ ಒಂದು ಕೊಟೇಶನ್ ಬರೆಸಿಕೊಂಡು ನೋಡಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಒಂದೊಂದಕ್ಕೂ ಒಂದೊಂದು ಸಾಲು, ಕಂಪನಿ ಹೆಸರು, ಮಾಡೆಲ್ ನಂಬರು. ಕೊಟ್ಟಕೊನೆಗೆ ‘ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್’ ಎಂದು ಬರೆದು ಒಂದು ಮೊತ್ತ. ಆ ‘ವಿತ್’ ಎಂಬ ಪದದೊಳಗೆ ಏನು ಬಂತು ಎಂದು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಈ ಪತ್ರ ಅದರ ಬಗ್ಗೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಲೇಬಲ್‌ನಿಂದಲೇ ಶುರು ಮಾಡೋಣ. ಕ್ಯಾಬಿನೆಟ್ ಜತೆ ಬರುವ ಹಗುರ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘450 ವ್ಯಾಟ್’ ಎಂದಿರುತ್ತದೆ. ಅದರ ಕೆಳಗಿನ ಚಿಕ್ಕ ಕೋಷ್ಟಕವನ್ನು ಓದಿ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ ಹೀಗಿರುತ್ತದೆ: 3.3 ವೋಲ್ಟಿಗೆ 14 ಆಂಪಿಯರ್, 5 ವೋಲ್ಟಿಗೆ 15 ಆಂಪಿಯರ್, 12 ವೋಲ್ಟಿಗೆ 16 ಆಂಪಿಯರ್. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. ಹಾಗಾದರೆ 46, 75 ಮತ್ತು 192. ಮೂರನ್ನೂ ಕೂಡಿದರೂ 313 ದಾಟುವುದಿಲ್ಲ. ಉಳಿದ 137 ವ್ಯಾಟ್ ಎಲ್ಲಿ ಹೋಯಿತು ಎಂದು ಆ ಲೇಬಲ್ಲೇ ಹೇಳಲಾರದು.

ಇನ್ನೂ ಮುಖ್ಯವಾದದ್ದು ಆ 192. ಇವತ್ತಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ಎಲ್ಲವೂ ಕರೆಂಟ್ ಎಳೆಯುವುದು 12 ವೋಲ್ಟಿನ ಹಳದಿ ವೈರಿನಿಂದ. 5 ವೋಲ್ಟ್ ಇರುವುದು ಯುಎಸ್‌ಬಿ ಮತ್ತು ಡ್ರೈವ್‌ಗಳಿಗೆ, 3.3 ಇನ್ನೂ ಚಿಲ್ಲರೆ ಕೆಲಸಕ್ಕೆ. ಪೆಂಟಿಯಮ್ 3ರ ಕಾಲದಲ್ಲಿ ಪ್ರೊಸೆಸರ್‌ಗೆ 5 ವೋಲ್ಟಿನಿಂದಲೇ ಊಟ ಸಿಗುತ್ತಿತ್ತು; ಪೆಂಟಿಯಮ್ 4 ಬಂದಾಗ ಅದು 12ಕ್ಕೆ ಹೋಯಿತು, ಮದರ್‌ಬೋರ್ಡಿಗೆ ನಾಲ್ಕು ಪಿನ್ನಿನ ಪ್ರತ್ಯೇಕ ಕನೆಕ್ಟರ್ ಬಂತು. ಅಗ್ಗದ ಡಬ್ಬಿಗಳ ಒಳವಿನ್ಯಾಸ ಇನ್ನೂ ಆ ಹಳೆಯ ಕಾಲದಲ್ಲೇ ನಿಂತಿದೆ. ಒಳ್ಳೆಯ 450 ವ್ಯಾಟಿನ ಡಬ್ಬಿಯಲ್ಲಿ 12 ವೋಲ್ಟಿಗೆ 36 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 432 ವ್ಯಾಟ್. ಎರಡೂ ಡಬ್ಬಿಗಳ ಮುಖದ ಮೇಲೆ ಇರುವುದು ಒಂದೇ ‘450’. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್’ ಎಂದಲ್ಲ, ‘12 ವೋಲ್ಟಿಗೆ ಎಷ್ಟು ಆಂಪಿಯರ್’ ಎಂದು. ಅದನ್ನು 12ರಿಂದ ಗುಣಿಸಿದಾಗ ಬರುವ ಮೊತ್ತ ಮೇಲೆ ಬರೆದ ವ್ಯಾಟಿನ ನೂರಕ್ಕೆ 90ಕ್ಕಿಂತ ತುಂಬ ಕಡಿಮೆಯಿದ್ದರೆ ಡಬ್ಬಿಯನ್ನು ವಾಪಸ್ ಇಟ್ಟುಬಿಡಿ.

ಎಷ್ಟು ವ್ಯಾಟ್ ಬೇಕು ಎಂಬ ಲೆಕ್ಕ ಕಷ್ಟದ್ದೇನೂ ಅಲ್ಲ, ಆದರೆ ಒಂದು ಕಡೆ ಜನ ಎಡವುತ್ತಾರೆ. ಕೋರ್ ಐ5-12400 ಪ್ರೊಸೆಸರ್‌ಗೆ 65 ವ್ಯಾಟ್ ಎಂದು ಎಲ್ಲೆಡೆ ಬರೆದಿರುತ್ತದೆ. ಅದು ಮೂಲ ವೇಗದ ಲೆಕ್ಕ. ಟರ್ಬೊಗೆ, ಅಂದರೆ ಹೆಚ್ಚಿನ ವೇಗಕ್ಕೆ ಏರಿದಾಗ ಅದೇ ಪ್ರೊಸೆಸರ್ 117 ವ್ಯಾಟ್‌ವರೆಗೆ ಎಳೆಯಬಹುದು ಎಂದು ಇಂಟೆಲ್ ಕಂಪನಿಯೇ ಹೇಳಿದೆ. ಐ3-12100ಕ್ಕೆ ಈ ಮಿತಿ 89. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಆಫೀಸ್ ಯಂತ್ರಕ್ಕೆ ಐ3ರ 89, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಇನ್ನೊಂದು 40 ಸೇರಿಸಿದರೆ 130 ವ್ಯಾಟ್ ಆಗುತ್ತದೆ. ಅದೂ ಪೂರ್ತಿ ದುಡಿಯುವಾಗ. ಅಕ್ಷರ ಟೈಪ್ ಮಾಡುತ್ತ ಕುಳಿತಾಗ 30-40 ವ್ಯಾಟ್ ಕೂಡ ಹೋಗುವುದಿಲ್ಲ. ಇದಕ್ಕೆ ನಿಜವಾದ 400-450 ವ್ಯಾಟ್ ಧಾರಾಳ. ವಿಡಿಯೊ ಎಡಿಟಿಂಗ್‌ಗೋ ಆಟಕ್ಕೋ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದಿರಿ ಎನ್ನಿ, ಅದು 170. ಐ5ರ 117, ಇತರೆ 50, ಒಟ್ಟು 337. ಈ ಮೊತ್ತ ಎಸ್‌ಎಂಪಿಎಸ್ ಸಾಮರ್ಥ್ಯದ ನೂರಕ್ಕೆ 60ರ ಹತ್ತಿರ ಬರುವಂತೆ ನೋಡಿಕೊಂಡರೆ 550 ವ್ಯಾಟ್ ಆಯಿತು. ಎನ್‌ವಿಡಿಯಾ ಆ ಕಾರ್ಡಿಗೆ ಹೇಳುವುದೂ ಅಷ್ಟನ್ನೇ.

ಆ 40 ಭಾಗ ಖಾಲಿ ಬಿಡುವುದು ಯಾಕೆಂದರೆ ಗ್ರಾಫಿಕ್ಸ್ ಕಾರ್ಡ್ ಕರೆಂಟನ್ನು ಹಿತಮಿತವಾಗಿ ಎಳೆಯುವುದಿಲ್ಲ. 320 ವ್ಯಾಟಿನ ಆರ್‌ಟಿಎಕ್ಸ್ 3080ಯಂಥ ಕಾರ್ಡು ಸೆಕೆಂಡಿನ ಸಾವಿರದೊಂದು ಭಾಗದಷ್ಟು ಹೊತ್ತು ಬರೆದದ್ದಕ್ಕಿಂತ ಎಷ್ಟೋ ಹೆಚ್ಚು ಎಳೆದುಬಿಡುತ್ತದೆ. ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಅದನ್ನು ಶಾರ್ಟ್ ಎಂದು ತಿಳಿದು ಟಪ್ ಎಂದು ಆಫ್ ಮಾಡುತ್ತದೆ. ಆಟದ ಮಧ್ಯೆ ಪರದೆ ಕಪ್ಪಾಗಿ ಯಂತ್ರವೇ ನಿಂತುಹೋದರೆ ಎಷ್ಟೋ ಸಲ ಕಾರಣ ಇದೇ. 2022ರಲ್ಲಿ ಬಂದ, ಎಸ್‌ಎಂಪಿಎಸ್ ವಿನ್ಯಾಸದ ಎಟಿಎಕ್ಸ್ 3.0 ನಿಯಮ ಇದನ್ನೇ ಗಮನಿಸಿ, ತನ್ನ ಸಾಮರ್ಥ್ಯದ ಎರಡು ಪಟ್ಟು ಎಳೆತವನ್ನು 100 ಮೈಕ್ರೊಸೆಕೆಂಡ್ ತಡೆದುಕೊಳ್ಳಬೇಕು ಎಂದು ವಿಧಿಸಿತು. ದೊಡ್ಡ ಕಾರ್ಡ್ ಹಾಕುವವರು ಪೆಟ್ಟಿಗೆಯ ಮೇಲೆ ಎಟಿಎಕ್ಸ್ 3.0 ಅಥವಾ 3.1 ಎಂದಿದೆಯೇ ನೋಡಲಿ. ಆಫೀಸ್ ಯಂತ್ರಕ್ಕೆ ಇದರ ಗೊಡವೆ ಬೇಡ.

ಹೆಚ್ಚು ವ್ಯಾಟಿನ ಡಬ್ಬಿ ಹಾಕಿದರೆ ಮೀಟರ್ ಓಡುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಕೇಳುತ್ತಲೇ ಇರುತ್ತದೆ. ಸುಳ್ಳು. ಯಂತ್ರ 130 ವ್ಯಾಟ್ ಕೇಳಿದರೆ 450ರ ಡಬ್ಬಿಯೂ 750ರ ಡಬ್ಬಿಯೂ ಕೊಡುವುದು 130 ಮಾತ್ರ. ಗೋಡೆಯಿಂದ ಎಷ್ಟು ಎಳೆದು ಅಷ್ಟನ್ನು ಕೊಡುತ್ತವೆ ಎಂಬಲ್ಲಿ ವ್ಯತ್ಯಾಸವಿದೆ. ‘80 ಪ್ಲಸ್’ ಮುದ್ರೆ ಹೇಳುವುದು ಅದನ್ನೇ. 230 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆ ಹೊತ್ತಾಗ ಬ್ರಾಂಜ್ ಮುದ್ರೆಗೆ ನೂರಕ್ಕೆ 88, ಗೋಲ್ಡ್‌ಗೆ 92 ದಕ್ಷತೆ ಇರಬೇಕು. ಮುದ್ರೆಯಿಲ್ಲದ ಡಬ್ಬಿ 70ಕ್ಕೆ ಮುಟ್ಟಿದರೆ ಪುಣ್ಯ. ಲೆಕ್ಕ ಹಾಕಿ: ಯಂತ್ರ ಸರಾಸರಿ 150 ವ್ಯಾಟ್ ಉಣ್ಣುತ್ತದೆ, ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ. ಒಳಗೆ ಬೇಕಾದದ್ದು 360 ಯೂನಿಟ್. ಮುದ್ರೆಯಿಲ್ಲದ ಡಬ್ಬಿ ಅದಕ್ಕೆ ಗೋಡೆಯಿಂದ ಎಳೆಯುವುದು 514, ಬ್ರಾಂಜ್ 409, ಗೋಲ್ಡ್ 391. ಯೂನಿಟ್‌ಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ಬ್ರಾಂಜ್‌ನಿಂದ ವರ್ಷಕ್ಕೆ 630 ರೂಪಾಯಿ ಉಳಿತಾಯ. ಬ್ರಾಂಜ್ ಬಿಟ್ಟು ಗೋಲ್ಡ್‌ಗೆ ಹೋದರೆ ಸಿಗುವುದು ಇನ್ನೊಂದು ನೂರು ರೂಪಾಯಿ ಚಿಲ್ಲರೆ. ಅಗ್ಗದ್ದನ್ನು ಬಿಟ್ಟು ಬ್ರಾಂಜ್ ಕೊಂಡರೆ ಕೊಟ್ಟ ಹೆಚ್ಚಿನ ದುಡ್ಡು ಕೆಲವು ವರ್ಷಗಳಲ್ಲಿ ಬಿಲ್ಲಿನಲ್ಲೇ ವಾಪಸ್ ಬರುತ್ತದೆ. ಬಿಲ್ ಉಳಿಸಲು ಗೋಲ್ಡ್ ಕೊಳ್ಳಿ ಎನ್ನುವುದು ಮಾತ್ರ ಅಂಗಡಿಯವರ ಬಣ್ಣದ ಮಾತು. ಗೋಲ್ಡ್‌ಗೆ ಹೋಗಲು ಬೇರೆ ಕಾರಣಗಳಿವೆ: ಕಡಿಮೆ ಬಿಸಿ, ಕಡಿಮೆ ಸದ್ದು, ಹೆಚ್ಚಿನ ವಾರಂಟಿ.

ಒಂದು ಎಚ್ಚರಿಕೆ ಬೇಕು. 80 ಪ್ಲಸ್ ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ. ರಾಯಚೂರಿನ, ಕಲಬುರಗಿಯ ಮೇ ತಿಂಗಳಿಗೂ ಆ 23ಕ್ಕೂ ಸಂಬಂಧವೇ ಇಲ್ಲ. ಹೊರಗೆ 42 ಇದ್ದಾಗ ಕ್ಯಾಬಿನೆಟ್ ಒಳಗೆ 50 ದಾಟಿರುತ್ತದೆ. ಎಸ್‌ಎಂಪಿಎಸ್ ಒಳಗೆ ಮೊದಲು ಸಾಯುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ. ಅದರ ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಒಣಗುತ್ತದೆ. ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ ಎಂಬುದು ಈ ಕಸುಬಿನ ಹಳೆಯ ಲೆಕ್ಕ. 85 ಡಿಗ್ರಿಗೆ 2,000 ಗಂಟೆ ಎಂದು ಬರೆದ ಕೆಪಾಸಿಟರ್ 55 ಡಿಗ್ರಿಯಲ್ಲಿ ಸುಮಾರು 16,000 ಗಂಟೆ ಬಾಳಬಹುದು; 105 ಡಿಗ್ರಿಗೆ 2,000 ಗಂಟೆ ಎಂದಿರುವುದು ಅದೇ ಬಿಸಿಯಲ್ಲಿ 64,000 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಹಿಡಿದರೆ ಒಂದು ಐದೂವರೆ ವರ್ಷ, ಇನ್ನೊಂದು ಇಪ್ಪತ್ತು ದಾಟುತ್ತದೆ. ನಿಜದಲ್ಲಿ ಎರಡೂ ಇದಕ್ಕಿಂತ ಬೇಗ ಸೋಲುತ್ತವೆ, ಆದರೆ ಎರಡರ ನಡುವಿನ ಅಂತರ ಸುಳ್ಳಲ್ಲ. ನಿಪ್ಪಾನ್ ಕೆಮಿಕಾನ್, ರೂಬಿಕಾನ್, ನಿಚಿಕಾನ್‌ನಂಥ ಜಪಾನಿನ ಹೆಸರುಗಳನ್ನು ಕಂಪನಿಗಳು ಪೆಟ್ಟಿಗೆಯ ಮೇಲೆ ಹಾಕಿಕೊಳ್ಳುವುದು ಇದಕ್ಕೇ. ಕೆಪಾಸಿಟರ್ ಹೆಸರು ಗೊತ್ತಾಗದಿದ್ದರೂ ‘40 ಡಿಗ್ರಿಯಲ್ಲಿ’ ಅಥವಾ ‘50 ಡಿಗ್ರಿಯಲ್ಲಿ ಪೂರ್ತಿ ವ್ಯಾಟ್’ ಎಂಬ ಮಾತು ಲೇಬಲ್ ಮೇಲೋ ಕಂಪನಿಯ ಮಾಹಿತಿ ಹಾಳೆಯಲ್ಲೋ ಇದೆಯೇ ನೋಡಿ. ಕಲ್ಯಾಣ ಕರ್ನಾಟಕದವರು 50ರದ್ದನ್ನೇ ಹುಡುಕುವುದು ಒಳ್ಳೆಯದು.

ಇನ್ನು ನಮ್ಮ ಕರೆಂಟಿನ ವಿಷಯ. ಹೊರದೇಶದ ವಿಮರ್ಶೆಗಳನ್ನು ಓದಿ ಡಬ್ಬಿ ಆರಿಸುವವರಿಗೆ ಇಲ್ಲಿಯೇ ಪೆಟ್ಟು ಬೀಳುವುದು. ಊರಿನ ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರ್‌ಗೆ) ಪಂಪ್‌ಸೆಟ್‌ಗಳ ಹೊರೆ ಬಿದ್ದಾಗ ಮನೆಯ ವೋಲ್ಟೇಜ್ 230ರಿಂದ 180ಕ್ಕೆ, ಕೆಲವೆಡೆ ಅದಕ್ಕೂ ಕೆಳಗೆ ಇಳಿಯುತ್ತದೆ. ‘ಆ್ಯಕ್ಟಿವ್ ಪಿಎಫ್‌ಸಿ’ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ, 100ರಿಂದ 240 ವೋಲ್ಟ್ ಎಂದು ಬರೆದ ಡಬ್ಬಿಗೆ ಇದು ಲೆಕ್ಕಕ್ಕೇ ಇಲ್ಲ; ಕಡಿಮೆ ವೋಲ್ಟಿನಲ್ಲಿ ಹೆಚ್ಚು ಆಂಪಿಯರ್ ಎಳೆದು ತನ್ನ ಕೆಲಸ ಮಾಡಿಕೊಂಡು ಹೋಗುತ್ತದೆ. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ ಅದು ಹಳೆಯ ಬಗೆಯದು, ಪಿಎಫ್‌ಸಿ ಇಲ್ಲ ಎಂದೇ ತಿಳಿಯಿರಿ. ಮಕ್ಕಳು ಆ ಸ್ವಿಚ್ಚನ್ನು 115ಕ್ಕೆ ತಳ್ಳಿ ಪ್ಲಗ್ ಹಾಕಿದರೆ ಒಳಗೆ ವೋಲ್ಟೇಜ್ ಇಮ್ಮಡಿಯಾಗಿ ಪಟಾಕಿಯ ಸದ್ದೇ ಬರುತ್ತದೆ. ಕೊಂಡ ದಿನವೇ ಅದರ ಮೇಲೆ ಟೇಪ್ ಅಂಟಿಸಿಬಿಡಿ. ನ್ಯೂಟ್ರಲ್ ಕಿತ್ತುಹೋಗಿ ಮನೆಗೆ 400 ವೋಲ್ಟ್ ನುಗ್ಗಿದರೆ ಮಾತ್ರ ಯಾವ ಎಸ್‌ಎಂಪಿಎಸ್ ಕೂಡ ಉಳಿಯುವ ಭರವಸೆ ಇಲ್ಲ. ಆಗ ಒಳ್ಳೆಯದು ತಾನು ಸುಟ್ಟು ಮದರ್‌ಬೋರ್ಡನ್ನು ಉಳಿಸಿಕೊಡುತ್ತದೆ. ಕೆಟ್ಟದ್ದು ಜತೆಗೆ ಕರೆದುಕೊಂಡು ಹೋಗುತ್ತದೆ.

ಕರೆಂಟ್ ಹೋಗಿ ಬರುವ ಗಳಿಗೆಯೂ ಮುಖ್ಯ. ಗೋಡೆಯ ಕರೆಂಟ್ ನಿಂತ ಮೇಲೂ ಎಸ್‌ಎಂಪಿಎಸ್ ತನ್ನ ದೊಡ್ಡ ಕೆಪಾಸಿಟರ್‌ನಲ್ಲಿ ತುಂಬಿಟ್ಟುಕೊಂಡದ್ದರಿಂದ ಸುಮಾರು 16-17 ಮಿಲಿಸೆಕೆಂಡ್ ಯಂತ್ರವನ್ನು ನಡೆಸಬೇಕು. ಕಂಪ್ಯೂಟರ್ ಯುಪಿಎಸ್‌ಗಳು ಬ್ಯಾಟರಿಗೆ ಹೊರಳಲು ಹತ್ತು ಮಿಲಿಸೆಕೆಂಡಿನೊಳಗೆ ಸಾಕು, ಆದ್ದರಿಂದ ತೊಂದರೆಯಿಲ್ಲ. ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಅದರ ಹಿಂಬದಿ ಅಥವಾ ಮುಂದಿರುವ ಒಂದು ಚಿಕ್ಕ ಸ್ವಿಚ್ಚನ್ನು ನೋಡಬೇಕು. ಅದರಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಎರಡು ಸ್ಥಾನಗಳಿರುತ್ತವೆ. ಕೆಲವದರಲ್ಲಿ ನಾರ್ಮಲ್ ಬದಲು ‘ಇಕೊ’. ನಾರ್ಮಲ್‌ನಲ್ಲಿ ಹೊರಳಲು 30-40 ಮಿಲಿಸೆಕೆಂಡ್ ಹಿಡಿಯಬಹುದು. ಬಲ್ಬ್ ಒಮ್ಮೆ ಮಿಣುಕುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಬೈಗುಳ ಎಸ್‌ಎಂಪಿಎಸ್‌ಗೆ ಬೀಳುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆ ಇಟ್ಟರೆ ಸಮಸ್ಯೆ ಮುಗಿಯಿತು. ಆದರೆ ಆ ಸ್ಥಾನದಲ್ಲಿ ವೋಲ್ಟೇಜ್ 180ರ ಆಸುಪಾಸಿಗೆ ಇಳಿದ ಕೂಡಲೇ ಇನ್ವರ್ಟರ್ ಬ್ಯಾಟರಿಗೆ ಹೋಗುವುದರಿಂದ, ಸದಾ ಕಡಿಮೆ ವೋಲ್ಟೇಜ್ ಇರುವ ಹಳ್ಳಿಯಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಅಂಥಲ್ಲಿ ಇನ್ವರ್ಟರ್ ನಾರ್ಮಲ್‌ನಲ್ಲೇ ಇರಲಿ, ಕಂಪ್ಯೂಟರಿಗೆ ಬೇರೆ ಚಿಕ್ಕ ಯುಪಿಎಸ್ ಇರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆ್ಯಕ್ಟಿವ್ ಪಿಎಫ್‌ಸಿ ಡಬ್ಬಿ ಗುಂಯ್ ಎನ್ನಬಹುದು, ಕೈಕೊಡಲೂಬಹುದು; ಸೈನ್ ವೇವ್ ಒಳ್ಳೆಯದು.

ಯುಪಿಎಸ್ ಮೇಲೆ ಬರೆದ ‘600 ವಿಎ’ (ಯುಪಿಎಸ್ ಹೊರುವ ಹೊರೆಯ ಅಳತೆ) ಎಂಬುದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಪಿಎಫ್‌ಸಿ ಇಲ್ಲದ ಎಸ್‌ಎಂಪಿಎಸ್ 150 ವ್ಯಾಟ್ ಎಳೆಯಲು ಯುಪಿಎಸ್ ಮೇಲೆ 250 ವಿಎ ಹೊರೆ ಹೇರುತ್ತದೆ. ಪಿಎಫ್‌ಸಿ ಇರುವುದು 160ಕ್ಕೆ ಮುಗಿಸುತ್ತದೆ. ಇದೂ ಅಗ್ಗದ ಡಬ್ಬಿಯ ಒಂದು ಗುಪ್ತ ಖರ್ಚು.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗಿರುವುದು ಅರ್ಥಿಂಗ್. ‘ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ, ಎಸ್‌ಎಂಪಿಎಸ್ ಬದಲಿಸಿ’ ಎಂದು ಬರುವ ದೂರುಗಳಲ್ಲಿ ಬಹುಪಾಲು ಡಬ್ಬಿಯದ್ದಲ್ಲ, ಗೋಡೆಯದ್ದು. ಒಳ್ಳೆಯ ಎಸ್‌ಎಂಪಿಎಸ್‌ನ ಬಾಯಲ್ಲಿ ಕರೆಂಟಿನ ಗದ್ದಲ ಸೋಸುವ ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸ್‌ನಿಂದ ಡಬ್ಬಿಯ ತಗಡಿಗೆ ಒಂದು, ನ್ಯೂಟ್ರಲ್‌ನಿಂದ ತಗಡಿಗೆ ಇನ್ನೊಂದು ಪುಟ್ಟ ಕೆಪಾಸಿಟರ್ ಕೂತಿರುತ್ತದೆ. ಅರ್ಥ್ ಇದ್ದರೆ ಅವುಗಳಿಂದ ಸೋರುವ ಅತಿ ಸಣ್ಣ ಕರೆಂಟ್ ನೆಲಕ್ಕೆ ಇಳಿದುಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ತಗಡು ಫೇಸ್ ಮತ್ತು ನ್ಯೂಟ್ರಲ್ ನಡುವೆ ನೇತುಬಿದ್ದು ಸುಮಾರು 115 ವೋಲ್ಟ್ ತೋರಿಸುತ್ತದೆ, ಟೆಸ್ಟರ್ ಹಿಡಿದರೆ ಮಿಣಮಿಣ ಉರಿಯುತ್ತದೆ. ಈ ಮಟ್ಟದ ಸೋರಿಕೆ ಸಾಮಾನ್ಯವಾಗಿ ಪ್ರಾಣ ತೆಗೆಯುವಷ್ಟಿರುವುದಿಲ್ಲ, ಆದರೆ ಯುಎಸ್‌ಬಿ, ಎಚ್‌ಡಿಎಂಐ ವೈರ್ ಸಿಕ್ಕಿಸುವಾಗ ಪೋರ್ಟುಗಳನ್ನು ಸುಡಬಲ್ಲದು. ಜತೆಗೆ, ಒಳಗೆ ನಿಜವಾದ ಲೀಕೇಜ್ ಆದ ದಿನ ಕಾಯಲು ಏನೂ ಇರುವುದಿಲ್ಲ. ತಮಾಷೆಯೆಂದರೆ, ಈ ಫಿಲ್ಟರನ್ನೇ ಕಿತ್ತುಹಾಕಿ ಅದರ ಜಾಗದಲ್ಲಿ ವೈರ್ ತುಂಡು ಬೆಸುಗೆ ಹಾಕಿದ ಅಗ್ಗದ ಡಬ್ಬಿ ಜುಮ್ ಎನ್ನುವುದಿಲ್ಲ. ಜನ ಅದನ್ನೇ ‘ಒಳ್ಳೆಯದು’ ಎಂದುಕೊಳ್ಳುತ್ತಾರೆ.

ಪರೀಕ್ಷೆ ಎರಡು ನಿಮಿಷದ್ದು, ಆದರೆ ಸಾಕೆಟ್ಟಿನಲ್ಲಿರುವುದು ಜೀವಂತ 230 ವೋಲ್ಟ್. ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಲಿ. ಮಲ್ಟಿಮೀಟರನ್ನು ಎಸಿ 750 ವೋಲ್ಟ್ ಸ್ಥಾನಕ್ಕೆ ತಿರುಗಿಸಿ ಮೂರು ಪಿನ್ನಿನ ಸಾಕೆಟ್‌ನಲ್ಲಿ ಅಳೆಯಬೇಕು. ಫೇಸ್-ನ್ಯೂಟ್ರಲ್ 230 ಬಂತು, ಫೇಸ್-ಅರ್ಥ್ ಕೂಡ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು-ಮೂರು ವೋಲ್ಟಿನೊಳಗೆ ಇದೆ ಎಂದರೆ ಸರಿಯಿದೆ. ಫೇಸ್-ಅರ್ಥ್ 60, 100 ಎಂದು ಕುಣಿಯುತ್ತಿದ್ದರೆ ಅರ್ಥ್ ವೈರ್ ಎಲ್ಲೋ ತುಂಡಾಗಿದೆ, ಇಲ್ಲವೇ ಹೊರಗಿನ ಅರ್ಥ್ ಗುಂಡಿ ಒಣಗಿದೆ. ಎರಡು ಪಿನ್ನಿನ ಅಡಾಪ್ಟರ್ ಹಾಕಿ, ಮೂರನೆಯ ಪಿನ್ನನ್ನು ಮುರಿದು ಕೆಲಸ ಸಾಗಿಸುವುದು ಬೇಡವೇ ಬೇಡ. ಮುಂಗಾರಿನ ಮೊದಲ ಗುಡುಗು-ಸಿಡಿಲಿನ ದಿನಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು, ಬ್ರಾಡ್‌ಬ್ಯಾಂಡ್ ವೈರನ್ನೂ.

ಧೂಳಿನ ಮಾತನ್ನು ಎಲ್ಲರೂ ಬಲ್ಲರು, ಹಲ್ಲಿಯ ಮಾತನ್ನು ಕಡಿಮೆ. ಎಸ್‌ಎಂಪಿಎಸ್ ಒಳಗೆ ಸದಾ ಬೆಚ್ಚಗಿರುವುದರಿಂದ ಹಲ್ಲಿ, ಜಿರಲೆ, ಇರುವೆ ಗೂಡು ಮಾಡುತ್ತವೆ. ಒಂದು ಹಲ್ಲಿ 300 ವೋಲ್ಟಿನ ಭಾಗಕ್ಕೆ ಅಡ್ಡ ಬಿದ್ದರೆ ಇಬ್ಬರೂ ಮುಗಿದಂತೆ. ಕ್ಯಾಬಿನೆಟ್ ಹಿಂಬದಿಯ ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ಮುಚ್ಚಿರಲಿ. ಡಬ್ಬಿ ಕೆಳಗೆ ಕೂರುವ ಕ್ಯಾಬಿನೆಟ್‌ನಲ್ಲಿ ತಳಕ್ಕೆ ಜಾಲರಿ ಇದ್ದರೆ ಫ್ಯಾನ್ ಕೆಳಮುಖವಾಗಿ, ಇಲ್ಲದಿದ್ದರೆ ಮೇಲ್ಮುಖವಾಗಿ ಕೂರಿಸಿ. ಯಂತ್ರವನ್ನು ನೆಲದ ಮೇಲಿಡಬೇಡಿ, ಗುಡಿಸಿದ ಕಸವೆಲ್ಲ ಅದರ ಮೂಗಿಗೇ ಹೋಗುತ್ತದೆ. ಕರಾವಳಿಯಲ್ಲಿ ವಾರಗಟ್ಟಲೆ ಯಂತ್ರ ಬಳಸದೆ ಇಡುವುದಕ್ಕಿಂತ ಆಗಾಗ ಒಂದು ಗಂಟೆ ಓಡಿಸುವುದು ತೇವಕ್ಕೆ ಮದ್ದು. ಏನೇ ಆದರೂ ಡಬ್ಬಿಯ ಸ್ಕ್ರೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಮುನ್ನೂರು ಚಿಲ್ಲರೆ ವೋಲ್ಟ್ ಉಳಿದಿರಬಹುದು.

ವೈರ್‌ಗಳಲ್ಲಿ ಆಗುವ ಅನಾಹುತ ಮೂರು ಬಗೆಯದು. ಬಿಚ್ಚಿ ಹಾಕುವ ಮಾಡ್ಯುಲರ್ ಕೇಬಲ್‌ಗಳನ್ನು ಒಂದು ಕಂಪನಿಯದ್ದನ್ನು ಇನ್ನೊಂದಕ್ಕೆ, ಕೆಲವೊಮ್ಮೆ ಅದೇ ಕಂಪನಿಯ ಬೇರೆ ಮಾಡೆಲ್‌ಗೂ ಹಾಕುವಂತಿಲ್ಲ. ಮದರ್‌ಬೋರ್ಡ್ ಕಡೆಯ ತುದಿಗೆ ನಿಯಮವಿದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಸರಿಯಾಗಿ ಕೂತಂತೆಯೇ ಕಾಣುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಕ್ಷಣದಲ್ಲಿ ಸುಡುತ್ತವೆ. ಹೊಸ ಡಬ್ಬಿ ಹಾಕುವಾಗ ಹಳೆಯ ಕೇಬಲ್‌ಗಳನ್ನೂ ಕಿತ್ತುಹಾಕಿ. ಎರಡನೆಯದು ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರನ್ನು ಡ್ರೈವ್‌ಗಳ ಸಾಟಾ ಕನೆಕ್ಟರಿಗೆ ಬದಲಿಸುವ ಅಗ್ಗದ ತುಂಡು, ಅದರಲ್ಲೂ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚು ಹೊಯ್ದದ್ದು. ಒಳಗೆ ವೈರುಗಳು ಒತ್ತಿಕೊಂಡು ಶಾರ್ಟ್ ಆಗಿ ಹೊಗೆ ಬರುತ್ತದೆ. ಮೂರನೆಯದು ಗ್ರಾಫಿಕ್ಸ್ ಕಾರ್ಡಿನದು. ಸ್ಲಾಟ್‌ನಿಂದ 75 ವ್ಯಾಟ್, ಆರು ಪಿನ್ನಿನಿಂದ 75, ಎಂಟು ಪಿನ್ನಿನಿಂದ 150 ಎಂಬುದು ನಿಯಮ. ಎರಡು ಎಂಟು-ಪಿನ್ ಕೇಳುವ ಕಾರ್ಡಿಗೆ ಒಂದೇ ವೈರಿನ ಎರಡು ಕವಲು ಸಿಕ್ಕಿಸದೆ ಎರಡು ಬೇರೆ ವೈರ್ ಎಳೆಯಿರಿ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ 16 ಪಿನ್ನಿನ ಹೊಸ ಕನೆಕ್ಟರ್ ಕರಗಿದ ಸುದ್ದಿ ಜಗತ್ತಿನಾದ್ಯಂತ ಬಂತು. ಪೂರ್ತಿ ಒಳಗೆ ಕೂರದಿದ್ದದ್ದು ಮುಖ್ಯ ಕಾರಣಗಳಲ್ಲಿ ಒಂದೆಂದು ಗೊತ್ತಾಯಿತು. ಅದನ್ನು ಕೊನೆಯವರೆಗೆ ಒತ್ತಿ, ಬುಡದಿಂದ ಮೂರೂವರೆ ಸೆಂಟಿಮೀಟರ್‌ವರೆಗೆ ಬಗ್ಗಿಸಬೇಡಿ.

ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ಕೊಳ್ಳುವವರಿಗೆ ಒಂದು ಮಾತು. ಡೆಲ್, ಎಚ್‌ಪಿ, ಲೆನೊವೊಗಳ ಅನೇಕ ಆಫೀಸ್ ಮಾಡೆಲ್‌ಗಳಲ್ಲಿ ಎಸ್‌ಎಂಪಿಎಸ್‌ನ ಆಕಾರವೂ ಪಿನ್ನುಗಳೂ ಆಯಾ ಕಂಪನಿಯವೇ. ಮಾರುಕಟ್ಟೆಯ 24 ಪಿನ್ನಿನ ಎಟಿಎಕ್ಸ್ ಡಬ್ಬಿ ಅದಕ್ಕೆ ಹೊಂದುವುದಿಲ್ಲ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಸೇರಿಸುವ ಆಸೆಯಿದ್ದರೆ ಕೊಳ್ಳುವ ಮುಂಚೆಯೇ ಮುಚ್ಚಳ ತೆಗೆಸಿ ನೋಡಿ.

ಡಬ್ಬಿ ಸೋಲುತ್ತಿದೆ ಎಂದು ತಿಳಿಯುವುದು ಹೇಗೆ? ಬೆಳಿಗ್ಗೆ ಮೊದಲ ಸಲ ಬಟನ್ ಒತ್ತಿದರೆ ಏಳುವುದಿಲ್ಲ, ಎರಡು-ಮೂರು ಸಲ ಒತ್ತಿದರೆ ಏಳುತ್ತದೆ. ಫ್ಯಾನ್ ಒಮ್ಮೆ ಅಲುಗಾಡಿ ನಿಲ್ಲುತ್ತದೆ. ಪ್ರಿಂಟ್ ಕೊಟ್ಟಾಗ, ವಿಡಿಯೊ ಹಾಕಿದಾಗ ರೀಸ್ಟಾರ್ಟ್. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತದೆ, ಹೊಸದು ಹಾಕಿಸಿದರೂ ಟಿಕ್ ಟಿಕ್. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆ ಸಾಲುಗಟ್ಟಿರುತ್ತದೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂದಷ್ಟೇ ಅದರ ಅರ್ಥ, ಎಸ್‌ಎಂಪಿಎಸ್ ಕಡೆಗೆ ಅನುಮಾನ ತಿರುಗಿಸಲು ಅಷ್ಟು ಸಾಕು. ಅಂಗಡಿಗಳಲ್ಲಿ ಮಾಡುವ ಹಸಿರು-ಕಪ್ಪು ವೈರ್ ಸೇರಿಸಿ ಫ್ಯಾನ್ ತಿರುಗಿಸಿ ತೋರಿಸುವ ಪರೀಕ್ಷೆಯನ್ನು ನಂಬಬೇಡಿ. ಹೊರೆಯಿಲ್ಲದೆ ತಿರುಗಿದ ಫ್ಯಾನ್ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಯಂತ್ರ ಭಾರದ ಕೆಲಸ ಮಾಡುತ್ತಿರುವಾಗ ಖಾಲಿ ಮೋಲೆಕ್ಸ್ ಕನೆಕ್ಟರ್‌ನಲ್ಲಿ ಅಳೆಯಬೇಕು: ಮೀಟರ್ ಡಿಸಿ 20 ವೋಲ್ಟಿಗೆ, ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ಹಳದಿಗೆ. ಹಳದಿ 11.4ರಿಂದ 12.6ರೊಳಗೆ, ಕೆಂಪು ವೈರು 4.75ರಿಂದ 5.25ರೊಳಗೆ ಇರಬೇಕು. ಸುಮ್ಮನಿದ್ದಾಗ 12.1 ಇದ್ದು ದುಡಿಯುವಾಗ 11.2ಕ್ಕೆ ಕುಸಿದರೆ ಹಾರ್ಡ್ ಡಿಸ್ಕಿನ ತಪ್ಪಿಲ್ಲ, ಡಬ್ಬಿಯನ್ನು ಬದಲಿಸಿ.

ಅಂಗಡಿಯಲ್ಲಿ ನೋಡಬೇಕಾದ್ದು ಇನ್ನೆರಡೇ. ಲೇಬಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ‘ಐಎಸ್ 13252’ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ, ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನದು ಎಂದು ಗೊತ್ತಾಗುತ್ತದೆ. ಅದು ಸುರಕ್ಷತೆಯ ಗುರುತು, ವ್ಯಾಟಿನ ಪ್ರಾಮಾಣಿಕತೆಯದ್ದಲ್ಲ. ಪ್ರಾಮಾಣಿಕತೆಗೆ ವಾರಂಟಿಯೇ ಅಳತೆಗೋಲು: ಒಂದು ವರ್ಷ ಕೊಡುವ ಕಂಪನಿಗೆ ತನ್ನ ಕೆಪಾಸಿಟರ್‌ಗಳ ಆಯಸ್ಸು ಚೆನ್ನಾಗಿ ಗೊತ್ತು, ಐದು-ಏಳು ವರ್ಷ ಕೊಡುವವರಿಗೂ ಗೊತ್ತು. ಜಿಎಸ್‌ಟಿ ಬಿಲ್ಲಿನಲ್ಲಿ ಎಸ್‌ಎಂಪಿಎಸ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳದಿದ್ದರೆ ಆ ವಾರಂಟಿ ಕಾಗದಕ್ಕೂ ಬಾರದು.

ಮನೆಗೆ ಕೊಳ್ಳುವವರು ಹೇಗೋ ಎಚ್ಚರ ವಹಿಸಬಹುದು. ಶಾಲೆ, ಗ್ರಂಥಾಲಯ, ಸಹಕಾರ ಸಂಘ, ಗ್ರಾಮ ಪಂಚಾಯಿತಿಗಳು ಹತ್ತಿಪ್ಪತ್ತು ಯಂತ್ರ ಒಟ್ಟಿಗೆ ಕೊಳ್ಳುವಾಗ ಟೆಂಡರ್‌ನಲ್ಲಿ ‘450 ವ್ಯಾಟ್ ಎಸ್‌ಎಂಪಿಎಸ್ ಸಹಿತ ಕ್ಯಾಬಿನೆಟ್’ ಎಂದೇ ಬರೆಯುತ್ತಾರೆ. ಕಡಿಮೆ ಬೆಲೆಗೆ ಕೂಗಿದವರು 16 ಆಂಪಿಯರಿನ ಡಬ್ಬಿ ಕೊಟ್ಟು ಷರತ್ತು ಪೂರೈಸುತ್ತಾರೆ, ಯಾರೂ ತಪ್ಪು ಹಿಡಿಯಲಾಗುವುದಿಲ್ಲ. ಆ ಒಂದು ಸಾಲನ್ನು ತೆಗೆದು ಹೀಗೆ ಬರೆಯಲಿ ಎಂದು ಸಂಬಂಧಪಟ್ಟವರನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇವೆ: ‘ಎಸ್‌ಎಂಪಿಎಸ್ ಪ್ರತ್ಯೇಕ ಬಾಬತ್ತು. ತಯಾರಕರ ಹೆಸರು ಮತ್ತು ಮಾಡೆಲ್ ನಮೂದಿಸಬೇಕು. 12 ವೋಲ್ಟಿನಲ್ಲಿ ಕನಿಷ್ಠ 33 ಆಂಪಿಯರ್. ಆ್ಯಕ್ಟಿವ್ ಪಿಎಫ್‌ಸಿ. 40 ಡಿಗ್ರಿಯಲ್ಲಿ ಪೂರ್ಣ ಸಾಮರ್ಥ್ಯ. 80 ಪ್ಲಸ್ ಬ್ರಾಂಜ್ ಅಥವಾ ಮೇಲ್ಪಟ್ಟು. ಬಿಐಎಸ್ ನೋಂದಣಿ. ಐದು ವರ್ಷ ವಾರಂಟಿ. ಯಂತ್ರ ಅಳವಡಿಸುವ ಮುನ್ನ ಪ್ರತಿ ಸಾಕೆಟ್‌ನ ನ್ಯೂಟ್ರಲ್-ಅರ್ಥ್ ವೋಲ್ಟೇಜ್ ಅಳೆದು ದಾಖಲಿಸಬೇಕು.’

ಇಂತಿ,
ಡೆಸ್ಕ್‌ಟಾಪ್ ಜೋಡಣೆ ಮತ್ತು ರಿಪೇರಿ ಕೆಲಸದ ಕೆಲವರು,
ದಾವಣಗೆರೆ